ಒಂದು ದಿನದ ಖರ್ಚು

ಇದನ್ನು ಬರೆಯಬೇಕು ಎಂದುಕೊಂಡು ವರ್ಷಗಳೇ ಆದವು. ದೀಪಾವಳಿ ಮುಗಿಯಲಿ, ಕಣ್ಣಿನ ಪೊರೆ ತೆಗೆಸಿದ ಮೇಲೆ ನೋಡೋಣ, ಮೊಮ್ಮಗಳ ಮದುವೆಯೊಂದು ಆಗಿಬಿಡಲಿ... ಹೀಗೆ ನೆವ ಹೇಳುತ್ತ ಮುಂದೂಡಿದೆ. ದೀಪಾವಳಿಗಳು ಹೋದವು, ಪೊರೆ ತೆಗೆಸಿದ್ದಾಯಿತು, ಮದುವೆಯೂ ಆಯಿತು. ಇನ್ನು ಹೇಳಿಕೊಳ್ಳಲು ನೆವ ಉಳಿದಿಲ್ಲ.

ಈ ಮಳೆಗಾಲದಲ್ಲಿ ಒಂದು ಸಂಜೆ ಹುಮನಾಬಾದಿನಿಂದ ನಮ್ಮೂರು ರಾಜೇಶ್ವರಕ್ಕೆ ಬಸ್ಸಿನಲ್ಲಿ ಬರುತ್ತಿದ್ದೆ. ದಾರಿಯಲ್ಲಿ ಒಬ್ಬ ಕುರಿಗಾರ ಕೈ ಮಾಡಿ ಹತ್ತಿದ. ತೊಯ್ದ ಕಂಬಳಿ ಹೊದ್ದಿದ್ದ. ಬೇರೆಲ್ಲೂ ಜಾಗವಿರಲಿಲ್ಲ, ನನ್ನ ಮಗ್ಗುಲಿಗೇ ಬಂದು ಕುಳಿತ. ತೊಯ್ದ ಉಣ್ಣೆ, ಒಲೆಯ ಹೊಗೆ, ಬೀಡಿ, ಕುರಿದೊಡ್ಡಿ ಎಲ್ಲ ಕೂಡಿದ ಆ ವಾಸನೆಗೆ ಮುಂದಿನ ಸೀಟಿನ ಹೆಣ್ಣುಮಗಳು ಸೆರಗನ್ನು ಮೂಗಿಗೆ ಹಿಡಿದಳು. ನಾನು ಮಾತ್ರ ಅತ್ತ ಸರಿಯಲಿಲ್ಲ. ಕಣ್ಣು ಮುಚ್ಚಿ ಕುಳಿತುಬಿಟ್ಟೆ.

“ಥಂಡಿ ಹತ್ತೇದೇನ್ರಿ ಯಜಮಾನ್ರ?” ಎಂದು ಅವನು ಕಂಬಳಿಯ ಒಂದು ತುದಿಯನ್ನು ನನ್ನ ಮೊಣಕಾಲ ಮೇಲೆ ಎಳೆದ.

ಹದಿನೈದು ವರ್ಷಗಳ ಹಿಂದೆ, ಮುಂಬೈಗೆ ಹೋಗುವ ರೈಲಿನಲ್ಲಿ, ಇಂಥದೇ ಕಂಬಳಿಯ ಅರ್ಧವನ್ನು ಇನ್ನೊಬ್ಬ ನನ್ನ ಮೇಲೆ ಹೀಗೇ ಎಳೆದಿದ್ದ...

ರೈಲಿನಲ್ಲಿದ್ದ ಆ ಇನ್ನೊಬ್ಬನ ಮನೆ ನಮ್ಮ ಓಣಿಯ ಕೊನೆಯಲ್ಲಿತ್ತು. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವನು. ನಮಗೂ ಅವನಿಗೂ ರಕ್ತಸಂಬಂಧವೇನೂ ಇರಲಿಲ್ಲ, ಆದರೂ ಓಣಿಗೆಲ್ಲ ಅವನು ಕಾಕಾ. ಎದುರಿಗೆ ಏಕವಚನದಲ್ಲೇ ಮಾತಾಡುತ್ತಿದ್ದೆವು. ಈಗ ಬರೆಯುವಾಗ ಬಹುವಚನ ಹಚ್ಚಿದರೆ ಯಾರೋ ಬೇರೆಯವರನ್ನು ಕುರಿತು ಬರೆದಂತಾಗುತ್ತದೆ, ಅದಕ್ಕೆ ಹಾಗೇ ಬರೆಯುತ್ತೇನೆ. ಕಾಕಾ ಕುರಿ ಸಾಕಿದ್ದ. ತೊಗರಿ ಕೊಯ್ದು ಮುಗಿದ ಹೊಲಗಳಲ್ಲಿ ರಾತ್ರಿ ಕುರಿ ನಿಲ್ಲಿಸಿದರೆ ಗೊಬ್ಬರವಾಗುತ್ತದೆಂದು ರೈತರು ಅವನನ್ನು ಕರೆಯುತ್ತಿದ್ದರು. ಹೆಚ್ಚು ಮಾತಿನವನಲ್ಲ. ಮಾತಾಡಿದರೆ ಕುರಿಗಳಿಗೋ ಮನುಷ್ಯರಿಗೋ ಎಂದು ಥಟ್ಟನೆ ತಿಳಿಯುತ್ತಿರಲಿಲ್ಲ. ಇಬ್ಬರಿಗೂ ಅದೇ ದನಿ.

ತಡವಾಗಿ ಹುಟ್ಟಿದ ಒಬ್ಬಳೇ ಮಗಳು ಅವನಿಗೆ. ಹೆಂಡತಿ ಬೇಗ ಹೋದಳು. ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡೇ ಕುರಿ ಕಾಯ್ದ, ಆಮೇಲೆ ಊರ ಶಾಲೆಗೆ ಹಾಕಿದ, ದೊಡ್ಡವಳಾದ ಮೇಲೆ ಬಸವಕಲ್ಯಾಣದ ಒಬ್ಬ ಹುಡುಗನಿಗೆ ಕೊಟ್ಟು ಲಗ್ನ ಮಾಡಿದ. ಹುಡುಗ ಮುಂಬೈಯಲ್ಲಿ ಟೈಲ್ಸ್ ಕೂರಿಸುವ ಕೆಲಸ ಮಾಡುತ್ತಿದ್ದ. ಕುರ್ಲಾದ ಒಂದು ಚಾಳಿನಲ್ಲಿ ಖೋಲಿ ಹಿಡಿದಿದ್ದ. ಅವಳು ಅಲ್ಲಿಗೆ ಹೋದಳು. ಮೊದಲ ಬಾಣಂತನ ತವರಿನಲ್ಲಿ ಆಗಬೇಕು. ಆದರೆ ತಾಯಿಯಿಲ್ಲದ ತವರಿನಲ್ಲಿ ಮಾಡುವವರು ಯಾರು? ಅತ್ತೆಯೇ ಮುಂಬೈಗೆ ಹೋಗಿ ಬಾಣಂತನ ಮಾಡಿದಳು. ಗಂಡುಮಗು ಹುಟ್ಟಿತು. ಸುದ್ದಿ ಬಂದ ದಿನ ಕಾಕಾ ಓಣಿಗೆಲ್ಲ ಸಕ್ಕರೆ ಹಂಚಿದ. ಹಂಚಿ ಬಂದು ನಮ್ಮ ಕಟ್ಟೆಯ ಮೇಲೆ ಕುಳಿತು, “ನನ್ನ ಮನ್ಯಾಗ ಆಗಬೇಕಿತ್ತು ಇದು” ಎಂದು ಒಂದೇ ಮಾತು ಅಂದ.

ತೊಟ್ಟಿಲ ಕಾರ್ಯಕ್ಕೆ ಅವನು ಹೋಗಲೇಬೇಕಿತ್ತು. ಕೂಸಿಗೆ ಬೆಳ್ಳಿಯ ಉಡದಾರ, ಕುಂಚಿಗೆ, ಬಾಣಂತಿಗೆ ಸೀರೆ, ಇವೆಲ್ಲ ತವರಿನಿಂದಲೇ ಬರಬೇಕು. ಆದರೆ ಕಾಕಾ ಸೋಲಾಪುರದ ಆಚೆಗೆ ಎಂದೂ ಹೋದವನಲ್ಲ. ಅದಕ್ಕೆ ನನ್ನ ಹತ್ತಿರ ಬಂದ.

ನನ್ನ ಹತ್ತಿರವೇ ಬರಲು ಎರಡು ಕಾರಣವಿತ್ತು. ಒಂದು, ನಾನು ಹುಮನಾಬಾದಿನ ಒಂದು ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುವ ಮುನೀಮ. ಇನ್ನೊಂದು, ಹತ್ತನೆಯ ತರಗತಿ ಮುಗಿಸಿ ಸ್ವಲ್ಪ ಕಾಲ ಮುಂಬೈಯ ಒಂದು ಹೋಟೆಲಿನಲ್ಲಿ ಕೆಲಸ ಮಾಡಿ ಬಂದವನು. ಊರಿನಲ್ಲಿ ಮುಂಬೈಯ ವಿಷಯ ಬಂದರೆ ನಾನೇ ದೊಡ್ಡ ಮನುಷ್ಯ. ಅಲ್ಲಿಂದ ನಾನು ಹೇಗೆ ಬಂದೆ ಎಂಬುದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ. ಕೊನೆಯ ವಾರ ಲೋಕಲ್ ರೈಲಿನಲ್ಲಿ ನನ್ನ ಕಿಸೆ ಕತ್ತರಿಸಿದ್ದರು. ಟಿಕೆಟ್ ಇಲ್ಲದೆ ಊರ ಕಡೆಯ ರೈಲು ಹತ್ತಿ ಸಿಕ್ಕಿಬಿದ್ದು, ಟಿ.ಸಿ. ನನ್ನನ್ನು ಬಾಗಿಲ ಹತ್ತಿರ ನೆಲದ ಮೇಲೆ ಕೂರಿಸಿ, ಹೋಗಿಬರುವವರೆಲ್ಲ ನೋಡುವಂತೆ... ಇರಲಿ. ಕಿಸೆಯೊಳಗೆ ಕೈಹಾಕಿದಾಗ ಬರೀ ಬಟ್ಟೆ ಸಿಕ್ಕಿತಲ್ಲ, ನನಗೆ ಮುಂಬೈ ಎಂದರೆ ಅದು.

ಕಾಕಾ ಒಂದು ಒಳ್ಳೆಯ ಟಗರು ಮಾರಿ ಆರು ಸಾವಿರ ತಂದಿದ್ದ. ಅದನ್ನು ನನ್ನ ಮುಂದಿಟ್ಟು, “ಹಿಸಾಬ್ ನಂದಲ್ಲ ತಮ್ಮಾ, ನಿಂದು. ನನಗ ಕೂಸಿನ್ನ ತೋರಿಸಿಕೊಂಡ್ ಬಾ, ಸಾಕು” ಅಂದ. ನನ್ನ ಖರ್ಚೂ ಅದರಲ್ಲೇ ಎಂದು ಅವನೇ ಹೇಳಿದ. ಆ ರೊಕ್ಕದಲ್ಲಿ ಬೆಳ್ಳಿ, ಸೀರೆ, ಕುಂಚಿಗೆಗೆ ಅರ್ಧಕ್ಕಿಂತ ಹೆಚ್ಚು ಹೋಯಿತು. ಉಳಿದದ್ದರಲ್ಲಿ ಇಬ್ಬರೂ ಮುಂಬೈಗೆ ಹೋಗಿ ಬರಬೇಕು.

ಆ ಲೆಕ್ಕ ಹಾಕಿದ್ದು ಇಂದಿಗೂ ನನಗೆ ನೆನಪಿದೆ, ಎಷ್ಟು ಖುಷಿಯಿಂದ ಹಾಕಿದೆ ಎಂಬುದೂ ನೆನಪಿದೆ. ಸೋಲಾಪುರದ ತನಕ ಸಾದಾ ಬಸ್ಸು. ಅಲ್ಲಿಂದ ರಿಜರ್ವೇಶನ್ ಇಲ್ಲದ ಡಬ್ಬಿ. ರಾತ್ರಿಯ ರೈಲು ಹಿಡಿದರೆ ಒಂದು ರಾತ್ರಿಯ ವಸತಿ ಉಳಿಯುತ್ತದೆ. ಊಟಕ್ಕೆ ಕಟಕ ರೊಟ್ಟಿ, ಶೇಂಗಾ ಹಿಂಡಿ, ಕೆಂಪು ಖಾರ ಕಟ್ಟಿಕೊಂಡರೆ ಎರಡು ದಿನ ಹೋಟೆಲ್ ಮೆಟ್ಟಿಲು ಹತ್ತಬೇಕಿಲ್ಲ. ಅಲ್ಲಿ ಟ್ಯಾಕ್ಸಿ ಹೆಸರೆತ್ತಬಾರದು. ನಡೆಯಬೇಕು, ಇಲ್ಲವೆ ಲೋಕಲ್ ಹಿಡಿಯಬೇಕು. ಚಹಾ ನಿಂತು ಕುಡಿಯಬೇಕು, ಕುಳಿತರೆ ದರ ಬೇರೆ. ವಸತಿಯ ಮುಂದೆ ಸೊನ್ನೆ ಬರೆದೆ.

“ವಸ್ತಿಗಿ ಸೊನ್ನಿ ಯಾಕ?” ಎಂದು ಕಾಕಾ ಕೇಳಿದ. ಅಕ್ಷರ ಬರದಿದ್ದರೂ ಸೊನ್ನೆ ಗೊತ್ತಿತ್ತು ಅವನಿಗೆ.

“ಮಗಳ ಮನಿ ಅದ ಅಲ್ಲೇನ್ ಕಾಕಾ? ಲಾಜಿಗಿ ಯಾಕ ರೊಕ್ಕ ಸುರೀಬೇಕು?”

ಅವನು ಸಣ್ಣ ಹುಡುಗನನ್ನು ನೋಡುವಂತೆ ನನ್ನನ್ನು ನೋಡಿದ. “ಸಾಲಿ ಕಲ್ತಾಂವ ನೀ, ಇಷ್ಟೂ ಹೊಳೀಲಿಲ್ಲೇನು? ಕೂಸು ತೊಟ್ಟಲದಾಗ ಬೀಳೂ ತನಕ ನಾ ಅಕಿ ಮನ್ಯಾಗ ನೀರ್ ಸೈತ ಮುಟ್ಟಾಂಗಿಲ್ಲ. ಮಲಗೂದ್ ಎಲ್ಲಿಂದ ಬಂತು?”

ನಮ್ಮ ಕಡೆಯ ಹಳೆಯ ಮನೆತನಗಳಲ್ಲಿ ಈ ನೇಮವಿತ್ತು. ಕೊಟ್ಟ ಮಗಳ ಮನೆಯಲ್ಲಿ ತಂದೆ ಉಣ್ಣುವುದಿಲ್ಲ. ಅವಳಿಗೊಂದು ಮಗುವಾಗಿ, ಅದನ್ನು ತೊಟ್ಟಿಲಿಗೆ ಹಾಕಿ ಹೆಸರಿಟ್ಟ ಮೇಲೆಯೇ ಅಲ್ಲಿ ಎಲೆಯ ಮುಂದೆ ಕೂರುವುದು. ಆ ಮೊದಲ ಊಟವೆಂದರೆ ತಂದೆಗೂ ದೊಡ್ಡದು, ಮಗಳಿಗೂ ದೊಡ್ಡದು. ನಮ್ಮ ಮನೆಯಲ್ಲಿ ಅದು ನನ್ನ ತಂದೆಯ ಕಾಲಕ್ಕೇ ಸಡಿಲಾಗಿತ್ತು. ಕಾಕಾ ಬಿಟ್ಟಿರಲಿಲ್ಲ.

“ತೊಟ್ಟಲದಾಗ ಬಿದ್ದ ಮ್ಯಾಲ?” ಎಂದೆ.

“ಬಿದ್ದ ಮ್ಯಾಲ ಅಕಿ ಕೈಲೆ ಉಣ್ಣೂದು, ಹೊಟ್ಟಿ ಬಿರಿಯೂಹಂಗ. ಹೋಳಿಗಿ ಮಾಡ್ತೀನಿ ಅಂದಾಳ ಫೋನಿನ್ಯಾಗ. ನನ್ನ ಸಲುವಾಗಿ ಹೊಸಾ ತಾಟು ತಂದಿಟ್ಟಾಳಂತ. ನೀ ಬಂದ್ ಉಣ್ಣೂ ತನಕ ಅದರಾಗ ಯಾರಿಗೂ ಬಡಿಸಾಂಗಿಲ್ಲಪಾ ಅಂದ್ಲು.” ಹೇಳುತ್ತ ಹೇಳುತ್ತ ಅವನ ಮುಖ ಬಿಚ್ಚಿಕೊಂಡಿತು. ಅವನು ಹಾಗೆ ನಕ್ಕಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಸೊನ್ನೆ ಅಳಿಸಿ, ಕುರ್ಲಾ ಸ್ಟೇಷನ್ನಿನ ಹತ್ತಿರ ಮಂಚಕ್ಕಿಷ್ಟು ಎಂದು ಬಾಡಿಗೆ ಕೊಡುವ ಜಾಗದಲ್ಲಿ ಒಂದು ರಾತ್ರಿಗೆ ಎರಡು ಮಂಚದ ಬಾಡಿಗೆ ಬರೆದೆ. ಶನಿವಾರ ಮುಟ್ಟುವುದು, ರವಿವಾರ ಮಧ್ಯಾಹ್ನ ತೊಟ್ಟಿಲು, ರವಿವಾರ ರಾತ್ರಿ ರೈಲು. ಎಲ್ಲ ಖರ್ಚು ಹಾಕಿಯೂ ಒಂದು ಸಾವಿರ ಉಳಿಯಿತು. ಅದನ್ನು ಬೇರೆ ಮಾಡಿ ನನ್ನ ಒಳಅಂಗಿಯ ಕಳ್ಳಕಿಸೆಯಲ್ಲಿ ಇಟ್ಟು ಬಾಯಿ ಹೊಲಿದೆ. ಅದಕ್ಕೆ ಕೈ ಹಚ್ಚುವಂತಿಲ್ಲ ಎಂದು ನನಗೆ ನಾನೇ ಕಟ್ಟು ಹಾಕಿಕೊಂಡೆ. ಅದರ ವಿಷಯ ಕಾಕಾನಿಗೆ ಹೇಳಲಿಲ್ಲ. ಹೇಳಿದರೆ ಕೇಳಿಯಾನು ಎಂದು.

ಹೊರಡುವ ದಿನ ಬಸ್ಸಿಗೆ ಕಾಯುತ್ತ ಚಹಾದ ಅಂಗಡಿಯ ಮರದ ಬಾಕಿನ ಮೇಲೆ ಕುಳಿತಿದ್ದೆವು. ಅಂಗಡಿಯವನು ಕಿಚಾಯಿಸಿದ. “ಮುನೀಮ್ ಸಾಬ್, ಬಂಬೈದಾಗ ಉಸುರು ಬಿಟ್ರನೂ ಬಿಲ್ ಹಚ್ತಾರಂತ. ಜರಾ ಹಿಡದ್ ಹಿಡದ್ ಬಿಡ್ರಿ.”

ಕುಳಿತವರೆಲ್ಲ ನಕ್ಕರು. ನನಗೆ ಚುಚ್ಚಿತು. “ನೀ ಸುಮ್ನ ಚಾ ಕಾಸು. ಬಂಬೈಗಿ ಹೋಗಿ, ಕೆಲಸ ಮುಗಿಸಿ, ಕಾಕಾನ ರೊಕ್ಕದಾಗ ಉಳಿಸಿ ಹೊಳ್ಳಿ ತಂದು ಇದ ಬಾಕಿನ ಮ್ಯಾಲ ಇಡ್ತೀನಿ. ಇಡಲಿಲ್ಲಂದ್ರ ನನಗ ಮುನೀಮ ಅನಬ್ಯಾಡ.”

“ಎಲ್ಲಾರೂ ಕೇಳೀರಿಲ್ಲೋ?” ಎಂದ ಅವನು ಮಂದಿಯ ಕಡೆ ತಿರುಗಿ.

ಆ ಮಾತು ಅಲ್ಲಿಗೆ ಮುಗಿಯಬೇಕಿತ್ತು. ನನ್ನೊಳಗೆ ಮುಗಿಯಲಿಲ್ಲ.

ರೈಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಾಗಿಲ ಹತ್ತಿರ ಕುಳಿತೆವು. ಗಾಳಿಗೆ ನಾನು ನಡುಗುವುದನ್ನು ನೋಡಿ ಕಾಕಾ ಕಂಬಳಿಯ ಅರ್ಧ ನನ್ನ ಮೇಲೆ ಎಳೆದ. ಅದೇ ಜಾಗದಲ್ಲಿ, ನೆಲದ ಮೇಲೆ, ನಾನು ಹಿಂದೊಮ್ಮೆ ಕುಳಿತಿದ್ದೆ ಎಂದು ಅವನಿಗೆ ಹೇಳಬೇಕೆನಿಸಿತು. ಹೇಳಲಿಲ್ಲ. ಬೆಳಿಗ್ಗೆ ದಾದರಿನಲ್ಲಿ ಇಳಿದಾಗ ಮಂದಿಯ ಪ್ರವಾಹ ಕಂಡು ಕಾಕಾ ಒಂದು ಕಂಬಕ್ಕೆ ಬೆನ್ನು ಆನಿಸಿ ನಿಂತುಬಿಟ್ಟ. ಬಹಳ ಹೊತ್ತು ನೋಡಿ, ಮೆಲ್ಲಗೆ ಕೇಳಿದ: “ಸಂಜಿಗಿ ಇವರನ್ನೆಲ್ಲಾ ಯಾರು ಎಣಿಸಿ ಒಳಗ ಹಾಕ್ತಾರ ತಮ್ಮಾ?” ನಾನು ನಕ್ಕೆ. ಅವನು ನಗಲಿಲ್ಲ, ನಿಜವಾಗಿಯೇ ಕೇಳಿದ್ದ.

ಮಗಳ ಖೋಲಿ ಎರಡನೆಯ ಮಹಡಿಯಲ್ಲಿತ್ತು. ಒಂದೇ ಕೋಣೆ. ಅದರೊಳಗೇ ಅಡಿಗೆ, ಅದರೊಳಗೇ ಮಂಚ, ಮೇಲಿನ ಕೊಂಡಿಗೆ ತೂಗುಹಾಕಲು ತಂದಿಟ್ಟ ತೊಟ್ಟಿಲು. ಅತ್ತೆ, ಅಳಿಯ, ಬಾಣಂತಿ ಎಲ್ಲರೂ ಅಲ್ಲೇ. ಕಾಕಾ ಹೊಸ್ತಿಲ ಹೊರಗೆ ಪಡಸಾಲೆಯಲ್ಲಿ ಕಂಬಳಿ ಹಾಸಿ ಕುಳಿತ. ಮಗಳು ಕೂಸನ್ನು ತಂದು ಅವನ ತೊಡೆಯ ಮೇಲೆ ಹಾಕಿದಳು. ನೂರಾರು ಮರಿಗಳನ್ನು ಎತ್ತಿ ಆಡಿಸಿದ ಆ ಕೈ ಮುಟ್ಟಲು ಹೆದರಿತು. ಒಂದು ಬೆರಳಿನಿಂದ ಕೂಸಿನ ಅಂಗಾಲು ಸವರಿದ. ಕೂಸು ಕಾಲು ಎಳೆದುಕೊಂಡಿತು. “ಏ, ಛಲೋ ಒದಿತಾನ!” ಎಂದ.

ಅವಳು ನನಗೆ ಚಹಾ ಕೊಟ್ಟಳು. ನನಗೇನು ನೇಮವಿಲ್ಲವಲ್ಲ, ಕುಡಿದೆ. ಇನ್ನೊಂದು ಕಪ್ಪು ಬೇಕೇನಣ್ಣಾ ಎಂದಳು, ಅದನ್ನೂ ಕುಡಿದೆ. ಕಾಕಾ ಮೆಟ್ಟಿಲಿಳಿದು ಹೋಗಿ ಕೆಳಗಿನ ನಳದಲ್ಲಿ ಬೊಗಸೆಯಿಂದ ನೀರು ಕುಡಿದು ಬಂದ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಮಗಳು, “ನಾಳೆ ಮಧ್ಯಾಹ್ನದ ತನಕ ಅಷ್ಟ ನಿನ್ನ ಸೊಕ್ಕು. ಆಮ್ಯಾಲ ನೋಡ್ತೀನಿ, ಎಷ್ಟ ಹೋಳಿಗಿಗಿ ಸಾಕು ಅಂತಿ” ಅಂದಳು. ಅವಳ ಹಿಂದೆ ಗೂಡಿನಲ್ಲಿ ಆ ಹೊಸ ತಾಟು ಕಾಣುತ್ತಿತ್ತು. ಅಂಗಡಿಯ ಚೀಟಿ ಇನ್ನೂ ಅದರ ಮೇಲಿತ್ತು.

ರವಿವಾರ ಬೆಳಿಗ್ಗೆ ನಾವು ಹೋಗುವಷ್ಟರಲ್ಲಿ ಎಲ್ಲರ ಮುಖ ಸಪ್ಪಗಿತ್ತು. ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕಾದ ಸೋದರತ್ತೆ ಪುಣೆಯಿಂದ ಬರಬೇಕಿತ್ತು. ಅವಳ ಮನೆಯಲ್ಲಿ ಯಾರಿಗೋ ಹುಷಾರಿಲ್ಲವಾಗಿ ಆ ದಿನ ಹೊರಡಲು ಆಗಿರಲಿಲ್ಲ. ನಾಳೆ ಬೆಳಿಗ್ಗೆ ಬರುತ್ತಾಳೆ, ಅವಳಿಲ್ಲದೆ ಹೆಸರಿಡುವಂತಿಲ್ಲ, ತೊಟ್ಟಿಲು ನಾಳೆ ಮಧ್ಯಾಹ್ನ ಎಂದು ಅಳಿಯ ಕೈಮುಗಿದು ಹೇಳಿದ.

“ಒಂದ್ ದಿನ ಅಲ್ಲೇನಪಾ” ಎಂದಳು ಮಗಳು. “ಒಂದ್ ದಿನ ನಿಲ್ಲು.”

ಕಾಕಾ ನನ್ನ ಕಡೆ ನೋಡಿದ. ನಾನು ಅವನನ್ನು ಪಡಸಾಲೆಯ ತುದಿಗೆ ಕರೆದುಕೊಂಡು ಹೋದೆ. ಅಲ್ಲಿ ಹಗ್ಗದ ಮೇಲೆ ಯಾರದೋ ಬಟ್ಟೆಗಳು ಒಣಗುತ್ತಿದ್ದವು. ಅವುಗಳ ಮರೆಯಲ್ಲಿ ನಿಂತು ನಾನು ಆ ಮಾತು ಹೇಳಿದೆ.

“ರೊಕ್ಕ ಮುಗೀತು ಕಾಕಾ. ಈಗ ತಿಕೀಟ್ ತಗೊಂಡ್ರ ಬಸ್ಸಿಗಿ ಬರಾಬರ್ ಆಗ್ತದ. ಇನ್ನೊಂದ್ ರಾತ್ರಿಗಿ ಇಲ್ಲ.”

“ಏನೂ ಇಲ್ಲೇನು?”

“ಏನೂ ಇಲ್ಲ.”

ಅವನು ನನ್ನ ಕೈ ಹಿಡಿದುಕೊಂಡ. ಆಮೇಲೆ ಅಂಗಲಾಚುವ ದನಿಯಲ್ಲಿ ಅಂದ: “ನನಗ ಮಂಚ ಬ್ಯಾಡ. ಠೇಸನ್‌ದಾಗ ಬೀಳ್ತೀನಿ. ಉಪಾಸ ಇರ್ತೀನಿ ತಮ್ಮಾ, ನನಗ ರೂಢಿ ಅದ. ನಿನಗಷ್ಟ ಏನರ ನೋಡು.”

ಆಗಲಾದರೂ ನಾನು ಒಳಅಂಗಿಯ ಹೊಲಿಗೆ ಬಿಚ್ಚಬಹುದಿತ್ತು. ಆ ಸಾವಿರದಲ್ಲಿ ಅರ್ಧ ಖರ್ಚು ಮಾಡಿದ್ದರೂ ಇಬ್ಬರಿಗೂ ಇನ್ನೊಂದು ದಿನ ಆರಾಮಾಗಿ ಕಳೆಯುತ್ತಿತ್ತು. ಅಡತಿ ಅಂಗಡಿಯ ಸಾವಕಾರರಿಗೆ ಒಂದು ಫೋನು ಮಾಡಿದ್ದರೆ ರಜೆಯೂ ಸಿಗುತ್ತಿತ್ತು. ನನಗೆ ಕಿಸೆ ಖಾಲಿಯಾಗುವ ಹೆದರಿಕೆಯಿತ್ತು, ಅದು ಸುಳ್ಳಲ್ಲ. ಬಹಳ ವರ್ಷ ನಾನು ಆ ಹೆದರಿಕೆಯ ಮೇಲೆಯೇ ಎಲ್ಲ ಹಾಕುತ್ತ ಬಂದೆ. ಆದರೆ ಇಲ್ಲಿ ಸುಳ್ಳು ಬರೆಯಲಾರೆ. ಆ ಗಳಿಗೆಯಲ್ಲಿ ನನ್ನ ಕಣ್ಣ ಮುಂದೆ ಬಂದದ್ದು ಚಹಾದ ಅಂಗಡಿಯ ಬಾಕು. ಅದರ ಮೇಲೆ ನೋಟು ಇಡಬೇಕಿತ್ತು ನನಗೆ.

ಕಾಕಾ ಇನ್ನೂ ಕಾಯುತ್ತಿದ್ದ. ಅವನ ಬಾಯಿ ಮುಚ್ಚಿಸಲು ನಾನು ಇನ್ನೊಂದು ಮಾತು ಆಡಿದೆ. “ಹಂಗಾರ ಅಳಿಯನ ಮುಂದ ಕೈ ಒಡ್ತೀಯೇನು?”

ಅವನು ತಲೆಗೆ ಸುತ್ತಿದ ರುಮಾಲು ಬಿಚ್ಚಿ, ಮತ್ತೆ ಸುತ್ತಿಕೊಂಡ. ಹೋಗಿ ಬಾಗಿಲಲ್ಲಿ ನಿಂತ.

“ಕುರಿ ಮಂದಿ ಕೈಯಾಗ ಬಿಟ್ಟು ಬಂದೀನವ್ವಾ. ಸೋಮಾರದ ತನಕ ಅಷ್ಟ ಕಾಯ್ತೀನಿ ಅಂದಾನ ಅಂವ. ಹೋಗಬೇಕು.”

ಅವನು ಹಾಗೆ ಹೇಳುತ್ತಾನೆಂದು ನಾನು ಎಣಿಸಿರಲಿಲ್ಲ. ಕುರಿ ನೋಡುತ್ತಿದ್ದವನು ಅವನ ತಮ್ಮ. ವಾರ ಬಿಟ್ಟು ಹೋದರೂ ಏನೂ ಅನ್ನುವವನಲ್ಲ. ರೊಕ್ಕವಿಲ್ಲವೆಂದು ಬೀಗರ ಎದುರಿಗೆ ಹೇಳಲಾರದೆ, ನನ್ನ ಹೆಸರನ್ನೂ ಎತ್ತದೆ, ಅವನು ಎಲ್ಲವನ್ನೂ ಕುರಿಗಳ ಮೇಲೆ ಹಾಕಿದ.

ಮಗಳು ಮೊದಲು ತಮಾಷೆ ಎಂದುಕೊಂಡಳು. “ಕುರಿಗಿಂತ ನಾ ಕಡಿಮಿ ಆದ್ನೇನಪಾ?” ಎಂದು ನಕ್ಕಳು. ಅವನು ನಗಲಿಲ್ಲವೆಂದು ನೋಡಿ ಅವಳ ನಗುವೂ ನಿಂತಿತು. ಕಾಕಾ ಉಡದಾರ, ಕುಂಚಿಗೆ, ಸೀರೆಯ ಗಂಟನ್ನು ಹೊಸ್ತಿಲ ಒಳಗೆ ಸರಿಸಿದ. ಕೂಸು ಮಲಗಿತ್ತು, ಎಬ್ಬಿಸಬೇಡ ಎಂದ. ಮೆಟ್ಟಿಲಿಳಿಯುವಾಗ ನಾನು ಹಿಂದಕ್ಕೆ ತಿರುಗಿ ನೋಡಿದೆ. ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಿದ್ದಳು. ಕೈ ಹಿಟ್ಟಾಗಿತ್ತು. ಕಾಕಾ ಹಿಂದೆ ನೋಡಲಿಲ್ಲ.

ಸೋಮವಾರ ಮಧ್ಯಾಹ್ನ ರಾಜೇಶ್ವರದಲ್ಲಿ ಇಳಿದೆವು. ಅದೇ ಹೊತ್ತಿಗೆ ಅಲ್ಲಿ ಕೂಸನ್ನು ತೊಟ್ಟಿಲಿಗೆ ಹಾಕುತ್ತಿದ್ದರು. ನಾನು ನೆಟ್ಟಗೆ ಚಹಾದ ಅಂಗಡಿಗೆ ಹೋದೆ. ಒಳಅಂಗಿಯ ಹೊಲಿಗೆ ಹರಿದು, ನೋಟು ತೆಗೆದು, ಎಲ್ಲರಿಗೂ ಕಾಣುವಂತೆ ಬಾಕಿನ ಮೇಲೆ ಬಡಿದೆ. “ಎಣಿಸ್ಕೊ ಕಾಕಾ! ಒಂದ್ ಸಾವಿರ ಉಳಿಸೀನಿ.”

ಮಂದಿ ಹೋ ಎಂದರು. ಅಂಗಡಿಯವನು ಸೋತೆ ಎಂದು ಪುಕ್ಕಟೆ ಚಹಾ ಕೊಟ್ಟ. ನಂಬಿದರೆ ನಂಬಿ, ಬಿಟ್ಟರೆ ಬಿಡಿ, ಕಾಕಾ ನನ್ನ ಬೆನ್ನು ತಟ್ಟುತ್ತಾನೆಂದು ನಾನು ಕಾಯುತ್ತಿದ್ದೆ. ಆ ರೊಕ್ಕವನ್ನು ನಾನು ರೊಕ್ಕವೆಂದೇ ಎಣಿಸಿರಲಿಲ್ಲ. ಅದು ನನ್ನ ಜಾಣತನ, ಅಷ್ಟೆ. ಅದರಿಂದ ಮುಂಬೈಯಲ್ಲಿ ಒಂದು ದಿನ ಕೊಳ್ಳಬಹುದಿತ್ತು ಎಂಬುದನ್ನು ನಾನೇ ಮರೆತುಬಿಟ್ಟಿದ್ದೆ.

ಕಾಕಾ ನೋಟುಗಳನ್ನು ಮುಟ್ಟಲಿಲ್ಲ. ನೋಡಿದ. ಮಂದಿಗೆ ಕೇಳದಂತೆ, ಬಹಳ ಮೆಲ್ಲಗೆ ಕೇಳಿದ.

“ಇದು ಅಲ್ಲೇ ನಿನ್ನ ಬಲ್ಲಿ ಇತ್ತೇನ್ ತಮ್ಮಾ?”

ನನಗೆ ಆಗ ಹೊಳೆಯಿತು. ಅವನು ಉತ್ತರಕ್ಕೆ ಕಾಯಲಿಲ್ಲ. ನೋಟುಗಳನ್ನು ಮಡಿಚಿ ಧೋತರದ ತುದಿಗೆ ಕಟ್ಟಿಕೊಂಡು, “ಇರ್ಲಿ. ಛಲೋ ಆತು” ಎಂದು ಎದ್ದು ದೊಡ್ಡಿಯ ಕಡೆ ನಡೆದ. ಅವನ ಚಹಾ ಅಲ್ಲೇ ಆರಿತು.

ಆಮೇಲೆ ಎಷ್ಟೋ ದಿನ ನಾನು ಆ ಓಣಿಯ ಕೊನೆಗೆ ಹೋಗಲಿಲ್ಲ. ಒಂದು ದಿನ ಮನಸ್ಸು ಗಟ್ಟಿ ಮಾಡಿ ದೊಡ್ಡಿಗೆ ಹೋದೆ. ಅವನು ಒಂದು ಮರಿಯನ್ನು ತೊಡೆಯ ನಡುವೆ ಒತ್ತಿಹಿಡಿದು ಔಷಧ ಕುಡಿಸುತ್ತಿದ್ದ. “ತಪ್ಪಾತು ಕಾಕಾ” ಎಂದೆ.

ಅವನು ಮರಿಯ ಬಾಯಿ ಒರೆಸಿ ಕೆಳಗೆ ಬಿಟ್ಟ. “ನೀ ಕಳಕೊಂಡಿದ್ರ ಬೈತಿದ್ದೆ. ತಿಂದಿದ್ರ ಬಡೀತಿದ್ದೆ. ಉಳಿಸಿಕೊಂಡ್ ಬಂದಾವಗ ಏನ್ ಅನಬೇಕೋ ನನಗ ತಿಳಿವಲ್ದು ನೋಡು.” ಔಷಧದ ಬಾಟಲಿಗೆ ಮುಚ್ಚಳ ಹಾಕುತ್ತ ಅಂದ: “ಅಕಿಗಿ ಕುರಿ ಅಂತ ಹೇಳೀನಿ. ಹಂಗೇ ಇರ್ಲಿ. ಮುಂದಿನ ಸಲ ಹೋಗಿ ಉಂಡ್ ಬರ್ತೀನಿ.”

ಆಮೇಲೆ ನನ್ನೊಂದಿಗೆ ಮೊದಲಿನಂತೆಯೇ ಇದ್ದ. ನಮ್ಮ ಕಟ್ಟೆಗೆ ಬರುತ್ತಿದ್ದ, ಬೀಡಿ ಹಚ್ಚುತ್ತಿದ್ದ. ಮುಂಬೈಗೆ ಮತ್ತೆ ಹೋಗುವ ಮಾತು ಆಗಾಗ ಬರುತ್ತಿತ್ತು. ಒಮ್ಮೆ ಕುರಿ ಈಯುವ ಕಾಲ ಬಂತು, ಒಮ್ಮೆ ಅವನಿಗೇ ಜ್ವರ. “ಈ ಸಲ ನೀ ಬ್ಯಾಡಪಾ, ನೀ ಬಂದ್ರ ಮತ್ತ ಉಳಿಸ್ತಿ” ಎಂದು ಒಂದು ಸಲ ನಗೆಯಾಡಿದ. ನಾನೂ ನಕ್ಕೆ. ಎರಡನೆಯ ವರ್ಷದ ಮಳೆಗಾಲದಲ್ಲಿ ಎದೆ ಹಿಡಿದುಕೊಂಡು ದೊಡ್ಡಿಯಲ್ಲೇ ಕುಸಿದ. ಹುಮನಾಬಾದಿನ ದವಾಖಾನೆಗೆ ಒಯ್ಯುವಷ್ಟರಲ್ಲಿ ಜೀವ ಹೋಗಿತ್ತು...

ಮಗಳು ಬಂದಳು. ಅಷ್ಟರಲ್ಲಿ ಮಣ್ಣು ಕೊಟ್ಟು ಮುಗಿದಿತ್ತು. ಮಗು ಆಗಲೇ ನಡೆಯುತ್ತಿತ್ತು. ಮೂರನೆಯ ದಿನದ ಕಾರ್ಯವಾದ ಮೇಲೆ, ಮಂದಿ ಎಲ್ಲ ಹೋದ ಹೊತ್ತು ನೋಡಿ ಅವಳು ನನ್ನ ಹತ್ತಿರ ಬಂದು ಕುಳಿತಳು.

“ಅಣ್ಣಾ, ನೀ ಕೂಡ ಬಂದಿದ್ದಿ. ನೀ ನನ್ನ ಮನ್ಯಾಗ ಚಾ ಕುಡದಿದ್ದಿ. ಖರೇ ಹೇಳು, ಕುರಿ ಅನ್ನೂದು ಸುಳ್ಳಲ್ಲ? ನನ್ನ ಖೋಲಿ ನೋಡಿ ಅಪ್ಪಗ ಹ್ಯಾಂಗೋ ಆತು. ಅಷ್ಟ ಸಣ್ಣ ಜಾಗದಾಗ ಅಷ್ಟ್ ಮಂದಿ ಇರೂದು ನೋಡಿ ಅಂವಗ ನಿಲ್ಲಾಕ ಮನಸ್ ಬರ್ಲಿಲ್ಲ. ಹೌದಲ್ಲ?”

ಅವಳು ಎರಡು ವರ್ಷ ಇದನ್ನೇ ಯೋಚಿಸಿದ್ದಳೆಂದು ಕೇಳಿದ ರೀತಿಯಿಂದಲೇ ತಿಳಿಯುತ್ತಿತ್ತು. ಉತ್ತರ ನನ್ನ ಬಾಯಲ್ಲಿತ್ತು. ಒಂದೇ ಮಾತು. ಹೇಳಿದ್ದರೆ ಅವಳು ನನ್ನನ್ನು ಬಯ್ಯುತ್ತಿದ್ದಳು, ಓಣಿಗೆಲ್ಲ ಗೊತ್ತಾಗುತ್ತಿತ್ತು, ಆದರೆ ಅವಳ ಅಪ್ಪ ಅವಳಿಗೆ ಮರಳಿ ಸಿಗುತ್ತಿದ್ದ. ‘ಹಂಗೇ ಇರ್ಲಿ’ ಎಂದು ಅವನು ಹೇಳಿದ್ದನಲ್ಲ, ಅದರ ಹಿಂದೆ ನಾನು ಅಡಗಿಕೊಂಡೆ.

“ಇಲ್ಲವ್ವಾ, ಕುರಿದೇ ಫಿಕರ್ ಇತ್ತು ಅಂವಗ” ಎಂದೆ.

ಅವಳು ತಲೆಯಾಡಿಸಿದಳು. ನಂಬಲಿಲ್ಲವೆಂದು ಕಾಣುತ್ತಿತ್ತು. ನಾನು ಅವಳಿಗೆ ಮರುಕದಿಂದ ಸುಳ್ಳು ಹೇಳುತ್ತಿದ್ದೇನೆ ಎಂದುಕೊಂಡಳು. “ನೀ ಒಳ್ಳೆಯಾಂವ ಅಣ್ಣಾ” ಎಂದು ಎದ್ದು ಹೋದಳು. ಆ ಮಾತನ್ನು ನಾನು ತಡೆಯಲೂ ಇಲ್ಲ.

ಮೊನ್ನೆ ಬಸವಕಲ್ಯಾಣಕ್ಕೆ ಒಂದು ಲಗ್ನಕ್ಕೆ ಹೋಗಿದ್ದಾಗ ಅವಳ ಮೈದುನ ಸಿಕ್ಕ. ಅಣ್ಣ ಅತ್ತಿಗೆ ಮುಂಬೈಯ ಆಚೆ ಎಲ್ಲೋ ಎರಡು ಕೋಣೆಯ ಸ್ವಂತ ಮನೆ ಮಾಡಿದ್ದಾರೆಂದ. ಹುಡುಗ ಹೈಸ್ಕೂಲಿನಲ್ಲಿದ್ದಾನಂತೆ. ಗೃಹಪ್ರವೇಶಕ್ಕೆ ಇವನೂ ಹೋಗಿದ್ದ.

“ಎಲ್ಲಾ ಛಲೋ ಆತ್ರಿ. ಊಟದ ಹೊತ್ತಿನ್ಯಾಗ ಅತ್ತಿಗಿ ಜರಾ ಅತ್ಲು. ಈಗ ನಮ್ಮಪ್ಪ ಇದ್ದಿದ್ರ ನಿಲ್ತಿದ್ದ, ಈಗ ಜಾಗ ಅದ ಅಂದ್ಲು.”

ಅವನು ಇನ್ನೂ ಏನೇನೋ ಹೇಳುತ್ತಿದ್ದ. ನನಗೆ ಕೇಳಿಸಲಿಲ್ಲ. ಇಷ್ಟು ವರ್ಷ ಅವಳು ಆ ಖೋಲಿಯ ಅಳತೆಯನ್ನೇ ಹೊತ್ತುಕೊಂಡು ಬದುಕಿದ್ದಾಳೆ. ಅದನ್ನು ಹೊರಿಸಿದವನು ನಾನು.

ಅವಳ ಫೋನ್ ನಂಬರು ಇಸಿದುಕೊಂಡು ಬಂದೆ. ಒತ್ತಿ, ಗಂಟೆ ಬಾರಿಸುವ ಮೊದಲೇ ಇಟ್ಟೂ ಆಯಿತು. ಎದುರಿಗೆ ದನಿ ಕೇಳಿದರೆ ನಾನು ಮತ್ತೆ ಕುರಿಯ ಹೆಸರು ಹೇಳಿಬಿಡುತ್ತೇನೆಂದು ಹೆದರಿಕೆ. ಅವಳು ನಮ್ಮೂರ ಕನ್ನಡ ಶಾಲೆಯಲ್ಲಿ ಕಲಿತವಳು, ಓದಬಲ್ಲಳು. ಅದಕ್ಕೇ ಬರೆಯುತ್ತಿದ್ದೇನೆ. ಆ ಖೋಲಿ ನಿನ್ನಪ್ಪನಿಗೆ ಸಣ್ಣದಾಗಿರಲಿಲ್ಲ ತಂಗಿ. ಅಲ್ಲಿ ಒಂದು ದಿನ ನಿಲ್ಲುವುದಕ್ಕಾಗಿ ಅವನು ಉಪವಾಸ ಇರುತ್ತೇನೆಂದ, ಸ್ಟೇಷನ್ನಿನ ನೆಲದ ಮೇಲೆ ಮಲಗುತ್ತೇನೆಂದ. ಆಗುವುದಿಲ್ಲ ಎಂದವನು ನಾನು. ರೊಕ್ಕ ನನ್ನ ಮೈಮೇಲೆಯೇ ಇತ್ತು.

ಕಾಕಾನ ಮುಂದೆ ನಿಂತು ತಪ್ಪಾಯಿತು ಎಂದಿದ್ದೆ, ಅವನು ಅದನ್ನು ಅಲ್ಲಿಗೇ ಬಿಟ್ಟ. ಅವನಿಲ್ಲ ಈಗ. ನಾನು ತಪ್ಪಾಯಿತು ಎಂದು ಇಂದಿಗೂ ಹೇಳದೆ ಇರುವುದು ಅವನಿಗಲ್ಲ. ಅವನ ಮಗಳಿಗೆ.